ರಿಯಾಕ್ಟರ್ ಬೆಲೆಯಲ್ಲಿ ಸುರಕ್ಷತೆಯ ಪಾಲನ್ನು ಬಿಡಿಸಿ ನೋಡುವುದು ಹೇಗೆ

ಹೊಸ ರಿಯಾಕ್ಟರ್ ಬಗ್ಗೆ ಸುದ್ದಿ ಬಂದಾಗಲೆಲ್ಲ ಎರಡು ಮಾತು ಜೊತೆಯಾಗಿಯೇ ಬರುತ್ತವೆ. ಇದು ಹಳೆಯದಕ್ಕಿಂತ ಸುರಕ್ಷಿತ. ಇದು ಹಳೆಯದಕ್ಕಿಂತ ಅಗ್ಗ. ಎರಡೂ ಒಟ್ಟಿಗೆ ನಿಜವಾಗಬಹುದು, ಆದರೆ ಸುಮ್ನೆ ಆಗುವುದಿಲ್ಲ.

ನಾನು ಅಣು ಸ್ಥಾವರಗಳ ಪೈಪ್ ಸಪೋರ್ಟ್ ವಿನ್ಯಾಸ ಮಾಡುತ್ತಾ ಬಂದವಳು. ಪೈಪನ್ನು ಗೋಡೆಗೋ ತೊಲೆಗೋ ಹಿಡಿದು ನಿಲ್ಲಿಸುವ ಉಕ್ಕಿನ ಕೆಲಸ. ಯಾರೂ ಫೋಟೊ ತೆಗೆಯದ ಭಾಗ ಅದು. ಆದರೆ ಸುರಕ್ಷತೆಯ ಒಂದು ಸಾಲಿನ ನಿಯಮ ದುಡ್ಡಾಗಿ ಬದಲಾಗುವುದನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಂದು ರಿಯಾಕ್ಟರಿನ ವಿವರ ಕೈಗೆ ಸಿಕ್ಕರೆ ಅದನ್ನು ನಾನು ಯಾವ ಕ್ರಮದಲ್ಲಿ ಓದುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನೀವು ಎಂಜಿನಿಯರ್ ಆಗಿರಬೇಕಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಸಾಕು.

ನಿಂತ ಮೇಲೂ ಬರುವ ಶಾಖದಿಂದ ಶುರು ಮಾಡಿ

ರಿಯಾಕ್ಟರನ್ನು ನಿಲ್ಲಿಸುವುದು ಅಂಥ ದೊಡ್ಡ ಕಷ್ಟವಲ್ಲ. ನಿಯಂತ್ರಣ ಸರಳುಗಳು ಒಳಗೆ ಇಳಿದರೆ ಕೆಲವೇ ಸೆಕೆಂಡುಗಳಲ್ಲಿ ಸರಪಳಿ ಕ್ರಿಯೆ ನಿಲ್ಲುತ್ತದೆ. ಕಷ್ಟ ಇರುವುದು ಆಮೇಲೆ. ಇಂಧನದೊಳಗೆ ಹುಟ್ಟಿಕೊಂಡ ವಿಕಿರಣಶೀಲ ವಸ್ತುಗಳು ತಮ್ಮಷ್ಟಕ್ಕೆ ಕ್ಷಯಿಸುತ್ತಾ ಶಾಖ ಬಿಡುತ್ತಲೇ ಇರುತ್ತವೆ. ಅದನ್ನು ಆರಿಸುವ ಸ್ವಿಚ್ ಇಲ್ಲ.

3000 ಮೆಗಾವಾಟ್ ಶಾಖದ ರಿಯಾಕ್ಟರ್ ತೆಗೆದುಕೊಳ್ಳಿ. ಸುಮಾರು 1000 ಮೆಗಾವಾಟ್ ವಿದ್ಯುತ್ ಕೊಡುವಂಥದ್ದು. ನಿಂತ ಕ್ಷಣದಲ್ಲೂ ಶೇ. 6ರಿಂದ 7ರಷ್ಟು ಶಾಖ ಬರುತ್ತಿರುತ್ತದೆ, ಅಂದರೆ ಸುಮಾರು 200 ಮೆಗಾವಾಟ್. ಒಂದು ಗಂಟೆ ಕಳೆದರೆ ಶೇ. 1.5ರ ಆಸುಪಾಸು. ಒಂದು ದಿನ ಕಳೆದರೆ ಶೇ. 0.5, ಅಂದರೆ 15 ಮೆಗಾವಾಟ್. ಕಡಿಮೆ ಆಯಿತಲ್ಲ ಅನಿಸುತ್ತದೆ. ಆದರೆ ಆ 15 ಮೆಗಾವಾಟನ್ನು ನೀರು ಕುದಿಸಿಯೇ ಹೊರಹಾಕಬೇಕು ಅಂದರೆ ಸೆಕೆಂಡಿಗೆ ಸುಮಾರು 6 ಲೀಟರ್ ನೀರು ಪೂರ್ತಿ ಆವಿಯಾಗಬೇಕು. ದಿನಕ್ಕೆ 500 ಟನ್.

ಈಗ ಹಾಳೆಯ ಮೇಲೆ ಮೊದಲ ಪ್ರಶ್ನೆ ಬರೆಯಿರಿ: ಈ ಶಾಖ ಎಲ್ಲಿಗೆ ಹೋಗುತ್ತದೆ, ಅದನ್ನು ಯಾವುದು ಸಾಗಿಸುತ್ತದೆ, ಹೊರಗಿನ ಕರೆಂಟ್ ಹೋದರೆ ಆ ಸಾಗಿಸುವ ಶಕ್ತಿ ಎಲ್ಲಿಂದ ಬರುತ್ತದೆ? ವಿನ್ಯಾಸದ ಅರ್ಧ ಕಟ್ಟಡಗಳು ಈ ಒಂದು ಪ್ರಶ್ನೆಯ ಉತ್ತರಗಳೇ. ಜಪಾನಿನ ಫುಕುಶಿಮಾ ದಾಯಿಚಿ ಸ್ಥಾವರದಲ್ಲಿ 2011ರ ಮಾರ್ಚ್ 11ರಂದು ಭೂಕಂಪ ಆದಾಗ ಓಡುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಡೀಸೆಲ್ ಜನರೇಟರುಗಳು ಶುರುವಾದವು. ಒಂದು ಗಂಟೆಯೊಳಗೆ ಸುನಾಮಿ ಬಂದು ಅವನ್ನು ಮುಳುಗಿಸಿತು. ಆಮೇಲೆ ಮೂರು ರಿಯಾಕ್ಟರುಗಳನ್ನು ಕರಗಿಸಿದ್ದು ಈ ಉಳಿದ ಶಾಖವೇ.

ಪ್ರತಿಗಳನ್ನು ಎಣಿಸಿ, ಆಮೇಲೆ ಅವು ಎಲ್ಲಿವೆ ನೋಡಿ

ಯಾವುದೇ ಒಂದು ಉಪಕರಣ ಕೆಟ್ಟರೂ ಸುರಕ್ಷತೆಯ ಕೆಲಸ ನಿಲ್ಲಬಾರದು. ಇದು ಎಲ್ಲ ದೇಶಗಳ ನಿಯಂತ್ರಕರೂ ಕೇಳುವ ಮೂಲ ನಿಯಮ. ಓದಲು ಒಂದು ಸಾಲು, ಕಟ್ಟಲು ಒಂದು ಕಟ್ಟಡ. ಫ್ರಾನ್ಸ್ ಮತ್ತು ಜರ್ಮನಿಯ ಎಂಜಿನಿಯರುಗಳು ಸೇರಿ ರೂಪಿಸಿದ ಇಪಿಆರ್ ರಿಯಾಕ್ಟರಿನಲ್ಲಿ ತುರ್ತು ತಂಪು ವ್ಯವಸ್ಥೆಯ ನಾಲ್ಕು ಪ್ರತಿಗಳಿವೆ. ನಾಲ್ಕು ಯಾಕೆ? ಒಂದು ಪ್ರತಿ, ಪೈಪ್ ಒಡೆದ ಕಡೆಯೇ ಇದ್ದು ವ್ಯರ್ಥವಾಗಬಹುದು. ಒಂದು ಅದೇ ಹೊತ್ತಿಗೆ ಕೆಡಬಹುದು. ಒಂದನ್ನು ದುರಸ್ತಿಗೆ ಬಿಚ್ಚಿಟ್ಟಿರಬಹುದು. ಉಳಿದ ಒಂದು ಕೆಲಸ ಮಾಡಬೇಕು. ತರ್ಕ ಚೊಕ್ಕವಾಗಿದೆ, ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಪ್ರತಿ ಅಂದರೆ ಬರೀ ಪಂಪ್ ಅಲ್ಲ. ಅದರ ಶಾಖ ವಿನಿಮಯಕ, ಸ್ವಿಚ್ ಬೋರ್ಡ್, ಡೀಸೆಲ್, ಆ ಡೀಸೆಲ್ಲಿನ ಟ್ಯಾಂಕ್, ಕೋಣೆ, ಆ ಕೋಣೆಯ ಗಾಳಿ ವ್ಯವಸ್ಥೆ, ಬೆಂಕಿ ತಡೆಯುವ ಗೋಡೆ, ಬಾಗಿಲು. ಪಂಪಿನ ಬೆಲೆ ಇದರಲ್ಲಿ ಚಿಕ್ಕದು.

ಪ್ರತಿಗಳನ್ನು ಒಂದರಿಂದ ಒಂದನ್ನು ದೂರ ಇಡಬೇಕು ಅನ್ನುವ ಪಾಠ ಒಂದು ಮೇಣದಬತ್ತಿಯಿಂದ ಬಂತು. 1975ರ ಮಾರ್ಚ್ 22ರಂದು ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಕೇಬಲ್ ಹಾದುಹೋಗುವ ಗೋಡೆಯ ತೂತಿನಲ್ಲಿ ಗಾಳಿ ಸೋರುತ್ತಿದೆಯೇ ಅಂತ ನೋಡಲು ಮೇಣದಬತ್ತಿ ಹಿಡಿದರು. ತೂತಿಗೆ ತುಂಬಿದ್ದ ಫೋಮ್ ಹೊತ್ತಿಕೊಂಡಿತು. 1600ಕ್ಕೂ ಹೆಚ್ಚು ಕೇಬಲ್ ಸುಟ್ಟವು. ಒಂದಕ್ಕೊಂದು ಬದಲಿ ಆಗಬೇಕಿದ್ದ ವ್ಯವಸ್ಥೆಗಳ ಕೇಬಲ್‌ಗಳು ಅಕ್ಕಪಕ್ಕದಲ್ಲೇ ಓಡುತ್ತಿದ್ದವು. ಅದರ ನಂತರ ಅಮೆರಿಕದ ನಿಯಮ ಹೀಗಾಯಿತು: ಮಧ್ಯೆ ಮೂರು ಗಂಟೆ ಬೆಂಕಿ ತಡೆಯುವ ಗೋಡೆ ಇರಬೇಕು. ಇಲ್ಲವೇ ಬೆಂಕಿ ಪತ್ತೆ ಮತ್ತು ನಂದಿಸುವ ವ್ಯವಸ್ಥೆಯ ಜೊತೆಗೆ 20 ಅಡಿ ಖಾಲಿ ಜಾಗ, ಅಥವಾ ಒಂದು ಗಂಟೆಯ ತಡೆ. ಖಾಲಿ ಜಾಗ ಅಂದರೆ ಅಲ್ಲಿ ಉರಿಯುವ ಏನನ್ನೂ ಇಡುವಂತಿಲ್ಲ. ಕಾಂಕ್ರೀಟ್ ಕಟ್ಟಡದೊಳಗೆ 20 ಅಡಿ ಖಾಲಿ ಬಿಡಬೇಕು ಅಂದಾಗ ಕಟ್ಟಡ ಎಷ್ಟು ಬೆಳೆಯುತ್ತದೆ ಅಂತ ನೀವೇ ಊಹಿಸಿ.

ಆದರೆ ಜಾಗದ ಆಯ್ಕೆ ಯಾವಾಗಲೂ ದುಬಾರಿ ಅಲ್ಲ. ಫುಕುಶಿಮಾ ದಾಯಿಚಿಯ 6ನೇ ಘಟಕದಲ್ಲಿ ಎತ್ತರದ ಜಾಗದಲ್ಲಿದ್ದ, ಗಾಳಿಯಿಂದ ತಂಪಾಗುವ ಒಂದೇ ಒಂದು ಡೀಸೆಲ್ ಜನರೇಟರ್ ಸುನಾಮಿಯಲ್ಲಿ ಉಳಿಯಿತು. 5 ಮತ್ತು 6ನೇ ಘಟಕಗಳೆರಡನ್ನೂ ಅದೇ ಕಾಪಾಡಿತು. ನೆಲಮಾಳಿಗೆಯಲ್ಲಿದ್ದವು ಎಷ್ಟಿದ್ದರೂ ಒಂದೇ ಏಟಿಗೆ ಹೋದವು. ಹಾಗಾಗಿ ಹಾಳೆಯಲ್ಲಿ ಪ್ರತಿಗಳ ಸಂಖ್ಯೆಯ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ಯಾವ ಒಂದೇ ಕಾರಣಕ್ಕೆ ಇವೆಲ್ಲ ಒಟ್ಟಿಗೆ ಹೋಗಬಹುದು? ಉತ್ತರ ಸಿಗದಿದ್ದರೆ ವಿವರದಲ್ಲಿ ಏನೋ ಬಿಟ್ಟಿದ್ದಾರೆ ಅಂತ ತಿಳಿಯಿರಿ.

ಕೆಲವೊಮ್ಮೆ ಪ್ರತಿಗೆ ಕಾರಣ ಭೌತಶಾಸ್ತ್ರದಲ್ಲೇ ಇರುತ್ತದೆ. ಕ್ಯಾಂಡು ಮಾದರಿಯ ಭಾರಜಲ ರಿಯಾಕ್ಟರಿನಲ್ಲಿ ತಂಪು ನೀರು ಆವಿಯಾದರೆ ಶಕ್ತಿ ಸ್ವಲ್ಪ ಏರುವ ಗುಣ ಇದೆ. ಅದಕ್ಕೇ ಅಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ವೇಗದ ನಿಲುಗಡೆ ವ್ಯವಸ್ಥೆಗಳು: ಒಂದು ಸರಳುಗಳದ್ದು, ಇನ್ನೊಂದು ನ್ಯೂಟ್ರಾನ್ ನುಂಗುವ ದ್ರವವನ್ನು ಒಳಗೆ ಚಿಮ್ಮಿಸುವುದು.

ಒತ್ತಡ ಎಷ್ಟು?

ಲಘು ನೀರಿನ, ಅಂದರೆ ಸಾದಾ ನೀರಿನ, ಒತ್ತಡದ ರಿಯಾಕ್ಟರಿನಲ್ಲಿ ನೀರು ಸುಮಾರು 155 ಬಾರ್ (ವಾತಾವರಣದ ಒತ್ತಡದ ಸುಮಾರು 150 ಪಟ್ಟು) ಒತ್ತಡದಲ್ಲಿರುತ್ತದೆ, ಉಷ್ಣತೆ 320 ಡಿಗ್ರಿಯ ಆಸುಪಾಸು. ದೊಡ್ಡ ಪೈಪ್ ತುಂಡಾದರೆ ಆ ನೀರಿನ ದೊಡ್ಡ ಪಾಲು ಕ್ಷಣದಲ್ಲಿ ಆವಿಯಾಗಿ ಹಿಗ್ಗುತ್ತದೆ. ಅದನ್ನೆಲ್ಲ ಹಿಡಿದಿಡಲೆಂದೇ ಆ ದೊಡ್ಡ ಗುಮ್ಮಟ, ಅಂದರೆ ಕಂಟೇನ್‌ಮೆಂಟ್ ಇರುವುದು. ಅದರ ಗಾತ್ರವನ್ನು ನಿರ್ಧರಿಸುವುದು ಒಳಗಿನ ಯಂತ್ರಗಳು ಮಾತ್ರ ಅಲ್ಲ, ಎಂದೂ ಬರದಿರಲಿ ಅಂತ ನಾವು ಬಯಸುವ ಆ ಆವಿಯೂ ಹೌದು. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ಕೋರ್‌ನ, ಅಂದರೆ ಇಂಧನ ತುಂಬಿರುವ ನಡುಭಾಗದ, ಸುಮಾರು ಅರ್ಧ ಕರಗಿತು, ಕಂಟೇನ್‌ಮೆಂಟ್ ಗಟ್ಟಿಯಾಗಿ ನಿಂತಿತು. ಈ ಗುಮ್ಮಟಕ್ಕೆ ಯಾಕಿಷ್ಟು ಖರ್ಚು ಅಂತ ಯಾರಾದರೂ ಕೇಳಿದರೆ ನಾನು ಬೇರೆ ವಾದ ಮಾಡುವುದಿಲ್ಲ.

ಒತ್ತಡವೇ ಇಲ್ಲದ ರಿಯಾಕ್ಟರ್ ಮಾಡಿದರೆ? ತಂಪು ಮಾಡಲು ನೀರಿನ ಬದಲು ದ್ರವ ಸೋಡಿಯಂ ಹಾಕಿದರೆ, ಅದು 883 ಡಿಗ್ರಿಗೆ ಕುದಿಯುವುದರಿಂದ ಒತ್ತಡ ಹಾಕುವ ಅಗತ್ಯ ಇಲ್ಲ. ಆದರೆ ಅದು ನೀರಿಗೆ ತಾಗಿದರೆ ಉರಿಯುತ್ತದೆ. ವಿಕಿರಣಶೀಲ ಸೋಡಿಯಂ ಎಂದೂ ಉಗಿ ಮಾಡುವ ನೀರಿನ ಹತ್ತಿರ ಬರಬಾರದು ಅಂತ ಮಧ್ಯೆ ಇನ್ನೊಂದು ಸೋಡಿಯಂ ಸುತ್ತು, ಅದಕ್ಕೆ ಪಂಪು, ಶಾಖ ವಿನಿಮಯಕ ಎಲ್ಲ ಸೇರುತ್ತವೆ. ಚೀನಾದ ಶಿದಾವೊವಾನ್‌ನಲ್ಲಿ 2023ರ ಡಿಸೆಂಬರಿನಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದ ಹೀಲಿಯಂ ಅನಿಲದಿಂದ ತಂಪಾಗುವ ರಿಯಾಕ್ಟರ್ ಇನ್ನೊಂದು ದಾರಿ ಹಿಡಿದಿದೆ. ಅದರ ಇಂಧನದ ಕಣಗಳು 1600 ಡಿಗ್ರಿವರೆಗೂ ತಡೆಯುತ್ತವೆ. ತಂಪು ಮಾಡುವ ವ್ಯವಸ್ಥೆ ನಿಂತರೂ ಶಾಖ ತಾನಾಗಿ ಹೊರಗೆ ಸಾಗುತ್ತದೆ. ಬಹಳ ಚೆಂದ. ಆದರೆ ಹಾಗೆ ತಾನಾಗಿ ಸಾಗಬೇಕಾದರೆ ಕೋರ್‌ನಲ್ಲಿ ಶಾಖ ವಿರಳವಾಗಿರಬೇಕು. ಒತ್ತಡದ ನೀರಿನ ರಿಯಾಕ್ಟರಿನಲ್ಲಿ ಒಂದು ಘನ ಮೀಟರ್ ಕೋರ್ ಸುಮಾರು 100 ಮೆಗಾವಾಟ್ ಶಾಖ ಕೊಟ್ಟರೆ ಇಲ್ಲಿ ಕೊಡುವುದು ಸುಮಾರು 3 ಮೆಗಾವಾಟ್. ಅಲ್ಲಿ ಎರಡು ರಿಯಾಕ್ಟರುಗಳು ಸೇರಿ 210 ಮೆಗಾವಾಟ್ ವಿದ್ಯುತ್ ಕೊಡುತ್ತವೆ. ಪಂಪುಗಳಲ್ಲಿ ಉಳಿದ ದುಡ್ಡು ಉಕ್ಕಿನ ಪಾತ್ರೆಯ ಗಾತ್ರಕ್ಕೆ ಹೋಯಿತು. ಯಾವುದಾದರೂ ವಿನ್ಯಾಸ ಒಂದು ಅಪಾಯವನ್ನು ತೆಗೆದುಹಾಕಿದೆ ಅಂದಾಗ, ಅದರ ಬದಲಿಗೆ ಏನು ದೊಡ್ಡದಾಯಿತು ಅಂತ ಹುಡುಕಿ. ಏನೋ ಒಂದು ಆಗಿಯೇ ಇರುತ್ತದೆ.

ಗಡಿ ಎಲ್ಲಿ ಎಳೆದಿದ್ದಾರೆ?

ಇದು ನನ್ನ ಅನ್ನದ ವಿಷಯ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಸ್ಥಾವರದ ಪ್ರತಿಯೊಂದು ವಸ್ತುವಿಗೂ ಒಂದು ದರ್ಜೆ ಇರುತ್ತದೆ: ಸುರಕ್ಷತೆಗೆ ಸೇರಿದ್ದು, ಸೇರದ್ದು. ಗಡಿಯ ಈಚೆಯ ಬೋಲ್ಟ್, ಆಚೆಯ ಬೋಲ್ಟ್ ನೋಡಲು ಒಂದೇ. ಒಳಗಿನ ಉಕ್ಕೂ ಒಂದೇ ಆಗಿರಬಹುದು. ಆದರೆ ಸುರಕ್ಷತೆಯ ದರ್ಜೆಯ ಬೋಲ್ಟ್ ಯಾವ ಉಕ್ಕಿನ ಎರಕದಿಂದ ಬಂತು ಅನ್ನುವ ಕಾಗದ ಬೇಕು. ಮಾಡಿದ ಕಾರ್ಖಾನೆಯ ಗುಣಮಟ್ಟ ವ್ಯವಸ್ಥೆಯನ್ನು ಯಾರೋ ಹೋಗಿ ಪರೀಕ್ಷಿಸಿರಬೇಕು. ವೆಲ್ಡ್ ಇದ್ದರೆ ವೆಲ್ಡರ್‌ಗೆ ಆ ಬಗೆಯ ವೆಲ್ಡಿಗೇ ಅರ್ಹತೆ ಇರಬೇಕು, ವೆಲ್ಡ್ ಮಾಡುವ ವಿಧಾನಕ್ಕೂ ಒಪ್ಪಿಗೆ ಬೇಕು. ಅಮೆರಿಕ 1970ರಲ್ಲೇ ಇದಕ್ಕೆಲ್ಲ 18 ಮಾನದಂಡಗಳನ್ನು ನಿಯಮವಾಗಿ ತಂದಿತು.

ಒಂದು ಸಪೋರ್ಟ್ ವಿನ್ಯಾಸ ಮಾಡುವಾಗ ನಾನು ಪೈಪಿನ ತೂಕ ನೋಡುತ್ತೇನೆ. ಬಿಸಿಯಾದಾಗ ಎಷ್ಟು ಹಿಗ್ಗುತ್ತದೆ ನೋಡುತ್ತೇನೆ. ಆಮೇಲೆ ಭೂಕಂಪ. ವಾಲ್ವ್ ತಟ್ಟನೆ ಮುಚ್ಚಿದಾಗಿನ ಹೊಡೆತ. ಪಕ್ಕದ ಪೈಪ್ ಒಡೆದರೆ ಬೀಳುವ ಹೊಡೆತ. ಇದರಲ್ಲಿ ಒಂದು ಪೇಚಾಟ ಇದೆ. ಪೈಪ್ ಬಿಸಿಯಾದಾಗ ಸರಾಗವಾಗಿ ಹಿಗ್ಗಲು ಬಿಡಬೇಕು, ಭೂಕಂಪದಲ್ಲಿ ಮಾತ್ರ ಅಲ್ಲಾಡಲು ಬಿಡಬಾರದು. ಅದಕ್ಕೆ ಸ್ನಬ್ಬರ್ ಹಾಕುತ್ತೇವೆ, ನಿಧಾನದ ಚಲನೆಗೆ ದಾರಿ ಕೊಟ್ಟು ಜೋರಿನ ಚಲನೆಗೆ ಬಿಗಿಯಾಗುವ ಸಾಧನ. ಹಾಕಿದ ಮೇಲೆ ಸ್ಥಾವರ ಇರುವವರೆಗೂ ಅದನ್ನು ಪರೀಕ್ಷಿಸುತ್ತಲೇ ಇರಬೇಕು. ಅದಕ್ಕೇ ಸ್ನಬ್ಬರ್ ಕಡಿಮೆ ಇರುವ ವಿನ್ಯಾಸ ಕಂಡರೆ ನನಗೆ ಖುಷಿ.

ಗಡಿಯ ಆಚೆಗಿನದ್ದೂ ಪೂರ್ತಿ ಬಿಡುಗಡೆ ಆಗುವುದಿಲ್ಲ. ಸುರಕ್ಷತೆಯ ಕೇಬಲ್ ಟ್ರೇ ಮೇಲೆ ಒಂದು ಸಾದಾ ಟ್ಯೂಬ್‌ಲೈಟ್ ನೇತಾಡುತ್ತಿದೆ ಅಂದುಕೊಳ್ಳಿ. ಲೈಟಿಗೂ ಸುರಕ್ಷತೆಗೂ ಸಂಬಂಧ ಇಲ್ಲ. ಆದರೆ ಭೂಕಂಪದಲ್ಲಿ ಅದು ಕಳಚಿ ಟ್ರೇ ಮೇಲೆ ಬೀಳಬಾರದು. ಆದ್ದರಿಂದ ಆ ಲೈಟಿನ ಬ್ರಾಕೆಟ್‌ಗೂ ಭೂಕಂಪದ ಲೆಕ್ಕ. ಸುರಕ್ಷತೆಯ ದರ್ಜೆಯ ವಸ್ತುಗಳನ್ನು ಕಟ್ಟಡದ ತುಂಬ ಚದುರಿಸಿದರೆ ಇಂಥ ಲೈಟುಗಳು, ನೀರಿನ ಕೊಳವೆಗಳು, ಏಣಿಗಳು ಎಲ್ಲವೂ ಲೆಕ್ಕದೊಳಗೆ ಬಂದುಬಿಡುತ್ತವೆ. ಒಂದೇ ಕಡೆ ಕೂಡಿಸಿದರೆ ಕಡಿಮೆ. ಹೀಗಾಗಿ ನಕ್ಷೆ ನೋಡುವಾಗ ಕಟ್ಟಡದ ಒಟ್ಟು ಗಾತ್ರಕ್ಕಿಂತ ಭೂಕಂಪವನ್ನು ತಡೆಯಲೇಬೇಕಾದ ಮೇಲ್ದರ್ಜೆಯ ಕಟ್ಟಡದ ಗಾತ್ರ ಎಷ್ಟು ಅಂತ ನೋಡಿ.

ಇನ್ನು ಕಟ್ಟುವ ಜಾಗದಲ್ಲಿ ಏನಾಗುತ್ತದೆ? ಸಪೋರ್ಟ್ ಹಾಕುವವನು ಗೋಡೆ ಕೊರೆಯುತ್ತಾನೆ, ಒಳಗೆ ಕಂಬಿ ಸಿಗುತ್ತದೆ. ಬೇರೆ ಕಾರ್ಖಾನೆಯಾದರೆ ಎರಡು ಇಂಚು ಪಕ್ಕಕ್ಕೆ ಕೊರೆದು ಮುಂದೆ ಹೋಗುತ್ತಾನೆ. ಇಲ್ಲಿ ಹಾಗಿಲ್ಲ. ಬದಲಾವಣೆಯ ಅರ್ಜಿ ಆಫೀಸಿಗೆ ಬರುತ್ತದೆ. ನಾನು ಲೆಕ್ಕ ಮತ್ತೆ ಹಾಕುತ್ತೇನೆ, ಇನ್ನೊಬ್ಬರು ಪರಿಶೀಲಿಸುತ್ತಾರೆ, ಮತ್ತೊಬ್ಬರು ಸಹಿ ಮಾಡುತ್ತಾರೆ. ಅಷ್ಟು ಹೊತ್ತು ಅಲ್ಲಿ ಆ ಗ್ಯಾಂಗ್ ಕಾಯುತ್ತಾ ಕೂತಿರುತ್ತದೆ, ಸಂಬಳ ಓಡುತ್ತಿರುತ್ತದೆ. ಅಮೆರಿಕದ ಸ್ಥಾವರಗಳ ಬೆಲೆ ಏರಿದ್ದನ್ನು ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಬಿಡಿಸಿ ನೋಡಿ 2020ರಲ್ಲಿ ಪ್ರಕಟಿಸಿದರು. 1970 ಮತ್ತು 80ರ ದಶಕಗಳ ಏರಿಕೆಯಲ್ಲಿ ಹೆಚ್ಚಿನ ಪಾಲು ಸಿಮೆಂಟು ಉಕ್ಕಿನದ್ದಲ್ಲ. ಎಂಜಿನಿಯರಿಂಗ್, ಮೇಲ್ವಿಚಾರಣೆ, ಸೈಟಿನ ತಾತ್ಕಾಲಿಕ ವ್ಯವಸ್ಥೆ ಇಂಥ ಪರೋಕ್ಷ ಖರ್ಚಿನದ್ದು. ಸೈಟಿನ ಕಡೆ ಕೆಲಸ ಮಾಡಿದ ಯಾರಿಗೂ ಇದರಿಂದ ಆಶ್ಚರ್ಯ ಆಗಿರಲಾರದು.

ನಿರ್ಧಾರ ಯಾವಾಗ ಆಯಿತು?

ಬಿಗಿಯಾದ ನಿಯಮ ದುಬಾರಿ ಹೌದು. ಆದರೆ ತಡವಾಗಿ ಬಂದ ನಿಯಮ, ಇಲ್ಲವೇ ತಡವಾಗಿ ಸಿಕ್ಕಿಬಿದ್ದ ಕೊರತೆ ಅದಕ್ಕಿಂತ ಎಷ್ಟೋ ದುಬಾರಿ. ಇದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ಫ್ರಾನ್ಸಿನ ಫ್ಲಮನ್‌ವಿಲ್ 3ನೇ ಘಟಕದ ಉಗಿ ಪೈಪುಗಳಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ದೊಡ್ಡ ಉಗಿ ಪೈಪ್ ಒಡೆಯಬಹುದು ಅಂತ ಒಪ್ಪಿಕೊಂಡರೆ, ಒಡೆದ ತುದಿ ಚಾವಟಿಯಂತೆ ಬೀಸಿದಾಗ ಅದನ್ನು ತಡೆಯುವ ಭಾರೀ ಉಕ್ಕಿನ ಕಟ್ಟುಗಳನ್ನು ಹಾಕಬೇಕು. ಬಿಡಿಸಿ ಹೇಳಬೇಕಿಲ್ಲ, ಅದು ನನ್ನಂಥವರ ಕೆಲಸ. ಇದಕ್ಕೆ ಇನ್ನೊಂದು ದಾರಿ ಇದೆ. ಪೈಪನ್ನೂ ವೆಲ್ಡನ್ನೂ ಮಾಮೂಲಿಗಿಂತ ಎಷ್ಟೋ ಎತ್ತರದ ಗುಣಮಟ್ಟದಲ್ಲಿ ಮಾಡಿ, ಇದು ಒಡೆಯುವುದೇ ಇಲ್ಲ ಅಂತ ವಾದಿಸಬಹುದು. ವಾದ ಒಪ್ಪಿಗೆಯಾದರೆ ಒಡೆಯುವ ಲೆಕ್ಕವೇ ಬೇಡ, ಆ ಉಕ್ಕಿನ ಕಟ್ಟುಗಳೂ ಬೇಡ. ಫ್ಲಮನ್‌ವಿಲ್‌ನಲ್ಲಿ ಆಯ್ದದ್ದು ಈ ದಾರಿ. ಆದರೆ ಮಾಡಿದ ವೆಲ್ಡುಗಳು ಆ ಎತ್ತರದ ಗುಣಮಟ್ಟ ಮುಟ್ಟಿರಲಿಲ್ಲ. ಅದರಲ್ಲಿ ಎಂಟು ವೆಲ್ಡುಗಳು ಕಂಟೇನ್‌ಮೆಂಟಿನ ಎರಡು ಗೋಡೆಗಳ ಮಧ್ಯೆ, ಕೈ ಹೋಗದ ಜಾಗದಲ್ಲಿದ್ದವು. 2019ರ ಜೂನ್‌ನಲ್ಲಿ ಫ್ರಾನ್ಸಿನ ನಿಯಂತ್ರಕ ಸಂಸ್ಥೆ ಅವನ್ನೂ ದುರಸ್ತಿ ಮಾಡಲೇಬೇಕು ಅಂದಿತು. ರೋಬಾಟ್‌ಗಳನ್ನು ಪೈಪಿನೊಳಗೆ ಕಳಿಸಿ ಕೆಲಸ ಮಾಡಬೇಕಾಯಿತು. ಆ ವರ್ಷ ಅಕ್ಟೋಬರಿನಲ್ಲಿ ಯೋಜನೆಯ ಅಂದಾಜು 10.9 ಶತಕೋಟಿ ಯೂರೋದಿಂದ 12.4 ಶತಕೋಟಿಗೆ ಏರಿತು. 2007ರಲ್ಲಿ ಕಟ್ಟಲು ಶುರು ಮಾಡಿ 2012ಕ್ಕೆ ಮುಗಿಸುವುದಾಗಿ ಹೇಳಿದ್ದ ಆ ಘಟಕ ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ.

ನಿಯಂತ್ರಕರು ಹೊಸದಾಗಿ ಏನನ್ನೂ ಕೇಳಲಿಲ್ಲ ಅನ್ನುವುದನ್ನು ಗಮನಿಸಿ. ಕಟ್ಟುವವರೇ ಕೊಟ್ಟ ಮಾತನ್ನು ಕೇಳಿದರು, ಅಷ್ಟೇ.

ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಎಪಿ1000 ರಿಯಾಕ್ಟರಿನ ಕಥೆ ಬೇರೆ ಬಗೆಯದು. ವಿನ್ಯಾಸದ ಮಟ್ಟದಲ್ಲಿ ಅದು ನಿಜಕ್ಕೂ ಜಾಣತನದ್ದು. ಕಂಟೇನ್‌ಮೆಂಟಿನ ನೆತ್ತಿಯ ಮೇಲೆ ನೀರಿನ ದೊಡ್ಡ ತೊಟ್ಟಿ. ನೀರು ತನ್ನ ಭಾರಕ್ಕೇ ಇಳಿದು 72 ಗಂಟೆ ತಂಪು ಮಾಡುತ್ತದೆ. ಡೀಸೆಲ್ಲನ್ನು ಸುರಕ್ಷತೆಯ ದರ್ಜೆಯಿಂದ ಹೊರಗೆ ಹಾಕಲು ಸಾಧ್ಯವಾಯಿತು. ಆದರೆ 2009ರಲ್ಲಿ ದೊಡ್ಡ ವಿಮಾನ ಅಪ್ಪಳಿಸಿದರೆ ಏನಾಗುತ್ತದೆ ಅಂತ ಪರಿಶೀಲಿಸುವ ನಿಯಮ ಬಂತು. ಹೊರಗೋಡೆಗೆ ಉಕ್ಕಿನ ತಗಡು ಮತ್ತು ಕಾಂಕ್ರೀಟ್ ಸೇರಿದ ಹೊಸ ರಚನೆ ತಂದರು. ಅದೇ ವರ್ಷ ಅಕ್ಟೋಬರಿನಲ್ಲಿ ನಿಯಂತ್ರಕರು ಆ ಗೋಡೆಯ ವಿನ್ಯಾಸ ಇನ್ನೂ ಸಾಲದು ಅಂದರು. ತಿದ್ದಿದ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಿದ್ದು 2011ರ ಕೊನೆಗೆ. ಅಮೆರಿಕದ ಜಾರ್ಜಿಯಾ ರಾಜ್ಯದ ವೋಗ್ಟಲ್ ಸ್ಥಾವರದಲ್ಲಿ ಇಂಥ ಎರಡು ಘಟಕಗಳ ಕೆಲಸ ಶುರುವಾದಾಗ ವಿವರದ ಡ್ರಾಯಿಂಗುಗಳೇ ಪೂರ್ತಿ ಆಗಿರಲಿಲ್ಲ. ಕಾರ್ಖಾನೆಯಲ್ಲೇ ಜೋಡಿಸಿ ತಂದ ಕಟ್ಟಡದ ಭಾಗಗಳಲ್ಲಿ ದೋಷ ಇತ್ತು. 2017ರಲ್ಲಿ ವೆಸ್ಟಿಂಗ್‌ಹೌಸ್ ದಿವಾಳಿ ಅರ್ಜಿ ಹಾಕಿತು. 14 ಶತಕೋಟಿ ಡಾಲರ್ ಅಂದಿದ್ದ ಎರಡು ಘಟಕಗಳು 30 ಶತಕೋಟಿಯನ್ನೂ ದಾಟಿದವು. ಪಂಪು ವಾಲ್ವು ಕಡಿಮೆ ಆದ ಮಾತ್ರಕ್ಕೆ ಅಗ್ಗ ಆಗುವುದಿಲ್ಲ, ಅಲ್ವಾ? ಆದ್ದರಿಂದ ಹಾಳೆಯಲ್ಲಿ ಕೇಳಿಕೊಳ್ಳಿ: ಮೊದಲ ಕಾಂಕ್ರೀಟ್ ಸುರಿಯುವ ಹೊತ್ತಿಗೆ ಡ್ರಾಯಿಂಗ್ ಎಷ್ಟು ಮುಗಿದಿರುತ್ತದೆ?

ಬಡ್ಡಿ ಹಾಕಿ

ಇದು ಚಿಕ್ಕ ಲೆಕ್ಕ, ಆದರೆ ಬಿಡಬೇಡಿ. ಬಡ್ಡಿ ಬಿಟ್ಟು ಒಟ್ಟು ಖರ್ಚು 100 ಅಂತಿಟ್ಟುಕೊಳ್ಳಿ, ಎಲ್ಲ ವರ್ಷಗಳಿಗೂ ಸಮನಾಗಿ ಹಂಚಿ, ಬಡ್ಡಿ ಶೇ. 7. ಐದು ವರ್ಷದಲ್ಲಿ ಮುಗಿದರೆ ಕೊನೆಗೆ ಸುಮಾರು 119 ಆಗುತ್ತದೆ. ಹತ್ತು ವರ್ಷ ಹಿಡಿದರೆ 143. ಒಂದು ಬೋಲ್ಟೂ ಹೆಚ್ಚು ಕೊಂಡಿಲ್ಲ, ಒಂದು ವೆಲ್ಡೂ ಹೆಚ್ಚು ಹಾಕಿಲ್ಲ. ಪತ್ರಿಕೆಯಲ್ಲಿ ಬರುವ ಬೆಲೆ ಬಡ್ಡಿ ಸೇರಿಸಿದ್ದೋ ಬಿಟ್ಟದ್ದೋ ಅಂತ ನೋಡದೆ ಎರಡು ರಿಯಾಕ್ಟರುಗಳನ್ನು ಹೋಲಿಸಲೇಬೇಡಿ.

ಚಿಕ್ಕ ರಿಯಾಕ್ಟರಿನ ಮಾತು ಬಂದಾಗ

ರಿಯಾಕ್ಟರ್ ಚಿಕ್ಕದಾದಷ್ಟೂ ಉಳಿದ ಶಾಖ ಕಡಿಮೆ, ಅದಕ್ಕೆ ಹೋಲಿಸಿದರೆ ಶಾಖ ಬಿಡುವ ಹೊರಮೈ ಜಾಸ್ತಿ. ಹಾಗಾಗಿ ತಾನಾಗಿ ತಂಪಾಗುವುದು ಸುಲಭ. ಈ ವಾದ ಸರಿಯಾದದ್ದೇ. ಅಮೆರಿಕದ ನ್ಯೂಸ್ಕೇಲ್ ವಿನ್ಯಾಸದಲ್ಲಿ ಕೋರ್‌ಗೆ ನೀರು ತಳ್ಳುವ ಪಂಪುಗಳೇ ಇಲ್ಲ, ಬಿಸಿ ನೀರು ಮೇಲೇರಿ ತಂಪು ನೀರು ಕೆಳಗಿಳಿದು ತಾನೇ ಸುತ್ತುತ್ತದೆ. ಇಡೀ ಮಾಡ್ಯೂಲ್, ಅಂದರೆ ಒಂದೊಂದು ಚಿಕ್ಕ ರಿಯಾಕ್ಟರ್ ಘಟಕ, ಒಂದು ಕೊಳದೊಳಗೆ ಮುಳುಗಿರುತ್ತದೆ. ನನ್ನ ಮೊದಲ ಪ್ರಶ್ನೆಗೆ ಇಷ್ಟು ಸರಳ ಉತ್ತರ ಕಾಣುವುದು ಅಪರೂಪ.

ಎರಡನೇ ಸುತ್ತಿನಲ್ಲಿ, ಬದಲಿಗೆ ಏನು ದೊಡ್ಡದಾಯಿತು ಅಂತ ನೋಡಿ. ಪ್ರತಿ ಮಾಡ್ಯೂಲಿಗೂ ತನ್ನದೇ ಉಕ್ಕಿನ ಕಂಟೇನ್‌ಮೆಂಟ್ ಇದೆ. ಯೂಟಾದ ವಿದ್ಯುತ್ ಸಂಸ್ಥೆಗಳ ಒಕ್ಕೂಟಕ್ಕಾಗಿ ಆರು ಮಾಡ್ಯೂಲುಗಳ 462 ಮೆಗಾವಾಟ್ ಸ್ಥಾವರ ಕಟ್ಟುವ ಯೋಜನೆ ಇತ್ತು. 2023ರ ಜನವರಿಯಲ್ಲಿ ಅದರ ವಿದ್ಯುತ್ ದರದ ಗುರಿ ಮೆಗಾವಾಟ್ ಗಂಟೆಗೆ 58 ಡಾಲರಿನಿಂದ 89ಕ್ಕೆ ಏರಿತು. ಕೊಟ್ಟ ಕಾರಣಗಳಲ್ಲಿ ಉಕ್ಕಿನ ಬೆಲೆ ಒಂದು, ಬಡ್ಡಿ ಇನ್ನೊಂದು. ಸುರಕ್ಷತೆಯ ನಿಯಮ ಬಿಗಿಯಾಯಿತು ಅಂತ ಯಾರೂ ಹೇಳಲಿಲ್ಲ. ನವೆಂಬರಿನಲ್ಲಿ ಯೋಜನೆ ರದ್ದಾಯಿತು. 89ರ ಆ ದರದಲ್ಲೂ ಸರ್ಕಾರದ ಸಹಾಯಧನವನ್ನು ಮೊದಲೇ ಕಳೆದಿದ್ದರು. ಇಂಥ ಸಾಲು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲಿರುತ್ತದೆ, ಅದನ್ನೂ ಓದಿ.